ಎರಡು ಬೆಕ್ಕು, ಒಂದು ಬೆಡ್‌ರೂಮು

ಜುಲೈ ತಿಂಗಳ ಒಂದು ಶನಿವಾರ ಕರಿಯನ ಹಲ್ಲು ಕ್ಲೀನ್ ಮಾಡಿಸಲು ಕ್ಲಿನಿಕ್‌ಗೆ ಹೋಗಿದ್ದೆವು. ಸಂಜೆ ಮಳೆಯಲ್ಲಿ ರಿಕ್ಷಾ ಹಿಡಿದು ಮುಂಬೈ ಹತ್ತಿರದ ಡೊಂಬಿವಲಿಯ ಮನೆಗೆ ಬಂದು ಬುಟ್ಟಿಯ ಬಾಗಿಲು ತೆಗೆದೆವು. ಎರಡು ವರ್ಷದಿಂದ ಅವನ ಜೊತೆ ಒಂದೇ ಸೋಫಾದಲ್ಲಿ ಮಲಗುತ್ತಿದ್ದ ಪುಟ್ಟಿ ಓಡಿ ಬಂದಳು. ಮೂಸಿದಳು. ಬುಸ್ ಎಂದಳು. ಮುಂದಿನ ಅರ್ಧ ನಿಮಿಷದಲ್ಲಿ ಕುಡಿಯುವ ನೀರಿನ ತಂಬಿಗೆ ಉರುಳಿತು, ಬಿಡಿಸಲು ಹೋದ ನಮ್ಮ ಯಜಮಾನರ ಕೈಗೆ ನಾಲ್ಕು ಗೀರು ಬಿತ್ತು, ನೆಲದ ತುಂಬ ಕೂದಲ ಉಂಡೆ.

ಅವತ್ತು ರಾತ್ರಿ ನಾವು ಮಾಡಬಾರದ ತಪ್ಪೆಲ್ಲ ಮಾಡಿದೆವು. ಪುಟ್ಟಿಗೆ ಗದರಿಸಿದೆವು. ಗಿಡಕ್ಕೆ ನೀರು ಹಾಕುವ ಸ್ಪ್ರೇಯಿಂದ ಮುಖಕ್ಕೆ ನೀರು ಹೊಡೆದೆವು. ಎರಡನ್ನೂ ಎತ್ತಿಕೊಂಡು ಎದುರುಬದುರು ಹಿಡಿದು "ನೋಡೇ, ನಿನ್ನ ಕರಿಯ" ಎಂದು ಪರಿಚಯ ಮಾಡಿಸಿದೆವು. ಪಕ್ಕದ ಮನೆಯ ಆಜಿ ಬಾಗಿಲಲ್ಲೇ ನಿಂತು "ಭಾಂಡೂ ದ್ಯಾ" ಎಂದರು. ಜಗಳ ಆಡಲಿ ಬಿಡಿ, ಅವೇ ಸರಿ ಮಾಡಿಕೊಳ್ಳುತ್ತವೆ ಅಂತ. ಅದನ್ನೂ ಕೇಳಿದೆವು. ಮೂರು ದಿನದಲ್ಲಿ ಕರಿಯ ವಾಷಿಂಗ್ ಮಷೀನ್ ಹಿಂದೆ ಸೇರಿಕೊಂಡ. ಊಟಕ್ಕೂ ಹೊರಗೆ ಬರಲಿಲ್ಲ.

ಆಮೇಲೆ ಡಾಕ್ಟರ ಹತ್ತಿರ ಕೇಳಿ, ಓದಿ, ಸುಮಾರು ಮೂರು ತಿಂಗಳು ಪಾಡುಪಟ್ಟು ಕಲಿತದ್ದು ಇದು. ಪುಟ್ಟಿಗೆ ಕರಿಯನ ಮೇಲೆ ಸಿಟ್ಟು ಬಂದಿರಲಿಲ್ಲ. ಬಂದವನು ಕರಿಯ ಅಂತಲೇ ಅವಳಿಗೆ ಗೊತ್ತಾಗಿರಲಿಲ್ಲ.

ನಾವು ಮುಖ ನೋಡಿ ಗುರುತು ಹಿಡಿಯುತ್ತೇವೆ. ಬೆಕ್ಕು ಮುಖ್ಯವಾಗಿ ಮೂಗಿನಿಂದ ಹಿಡಿಯುತ್ತದೆ. ಅದರ ಕೆನ್ನೆ, ಗದ್ದ, ಹಣೆ, ಬಾಲದ ಬುಡ, ಪಾದದ ಅಡಿಯಲ್ಲೆಲ್ಲ ವಾಸನೆಯ ಗ್ರಂಥಿಗಳಿವೆ. ಬಾಗಿಲ ಅಂಚಿಗೆ, ಗ್ರೈಂಡರ್ ಕಾಲಿಗೆ, ನಮ್ಮ ಮೊಣಕಾಲಿಗೆ ಕೆನ್ನೆ ತಿಕ್ಕುತ್ತದಲ್ಲ, ಅದು ಬರೀ ಮುದ್ದಲ್ಲ. ತನ್ನ ವಾಸನೆ ಹಚ್ಚುವ ಕೆಲಸ. ಜೊತೆಗಿರುವ ಬೆಕ್ಕುಗಳು ಒಂದಕ್ಕೊಂದು ತಿಕ್ಕಿಕೊಂಡು, ನೆಕ್ಕಿಕೊಂಡು ಎಲ್ಲರದ್ದೂ ಸೇರಿದ ಒಂದು ಮನೆವಾಸನೆ ಮಾಡಿಕೊಂಡಿರುತ್ತವೆ. ಆ ವಾಸನೆ ಇದ್ದವರು ಮನೆಯವರು, ಇಲ್ಲದವರು ಕಳ್ಳರು. ಕ್ಲಿನಿಕ್‌ನಲ್ಲಿ ಅರ್ಧ ದಿನ ಕಳೆದು ಬಂದ ಕರಿಯನ ಮೈಯಲ್ಲಿ ಸ್ಪಿರಿಟ್, ಅರಿವಳಿಕೆ ಔಷಧಿ, ಬೇರೆ ನಾಯಿಗಳು, ಅವನದೇ ಹೆದರಿಕೆ, ಎಲ್ಲದರ ವಾಸನೆ ಇತ್ತು. ಮನೆಯದ್ದು ಮಾತ್ರ ಇರಲಿಲ್ಲ. ಮೊದಲ ದಿನವೇ ಅವನನ್ನು ಬೇರೆ ರೂಮಿನಲ್ಲಿ ಬಿಟ್ಟು, ಮನೆಯ ಹಳೆ ಹೊದಿಕೆ ಹಾಸಿ, ಮೈ ನೆಕ್ಕಿಕೊಂಡು ಸರಿಹೋಗಲು ಒಂದು ರಾತ್ರಿ ಕೊಟ್ಟಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ನಾವು ಎದುರುಬದುರು ಹಿಡಿದು ಜಗಳವನ್ನು ಗಟ್ಟಿ ಮಾಡಿದೆವು.

ಇಲ್ಲಿ ಬೆಕ್ಕಿನ ವಂಶದ ಕಥೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾಯಿಯ ಪೂರ್ವಜ ತೋಳ, ಗುಂಪಿನಲ್ಲಿ ಬೇಟೆಯಾಡುವ ಪ್ರಾಣಿ. ಮನೆಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿ. ಇಲಿ ಹಿಡಿದರೆ ಅದು ಒಬ್ಬರ ಹೊಟ್ಟೆಗೇ ಸಾಲದು, ಹಂಚಿಕೊಳ್ಳುವುದೇನು ಬಂತು? ಧಾನ್ಯದ ಕಣಜಕ್ಕೆ ಇಲಿ ಬಂದವು, ಇಲಿಯ ಹಿಂದೆ ಬೆಕ್ಕು ಬಂತು, ಹಾಗೆ ಮನುಷ್ಯರ ಹತ್ತಿರ ಸೇರಿಕೊಂಡಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಅದರ ವಿವರ 2004ರಲ್ಲಿ ಪ್ರಕಟವಾಯಿತು. ಮನುಷ್ಯನ ಅಸ್ಥಿಯಿಂದ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಒಂದು ಬೆಕ್ಕಿನ ಅಸ್ಥಿಪಂಜರ. ಸತ್ತ ಮೇಲೂ ಎರಡು ಗೇಣು ಅಂತರ ಬಿಟ್ಟಿದೆ ನೋಡಿ, ಎಂದು ನಮ್ಮವರು ನಗುತ್ತಾರೆ.

ಹಾಗಂತ ಬೆಕ್ಕುಗಳು ಒಟ್ಟಿಗೆ ಇರುವುದೇ ಇಲ್ಲ ಎಂದಲ್ಲ. ಕೊಲಾಬಾದ ಸಸೂನ್ ಡಾಕ್‌ನಂಥ ಮೀನಿನ ಧಕ್ಕೆಗೆ ಬೆಳಿಗ್ಗೆ ಹೋದರೆ ಗುಂಪು ಗುಂಪು ಬೆಕ್ಕು ಸಿಗುತ್ತವೆ. ಅಲ್ಲಿ ತಿನ್ನಲು ಸಾಕಷ್ಟಿದೆ, ಜಾಗವೂ ಇದೆ. ಬೇಡವಾದವನು ಬಂದರೆ ಎದ್ದು ಬೇರೆ ಕಡೆ ಹೋಗಬಹುದು. ಬೆಕ್ಕಿನ ಸಮಾಜದ ಮುಖ್ಯ ನಿಯಮವೇ ಅದು: ಎದುರಾಗಬೇಡ. ಜಗಳವಾದ ಮೇಲೆ ರಾಜಿ ಮಾಡಿಕೊಳ್ಳುವ ವಿದ್ಯೆ ಅವಕ್ಕೆ ನಾಯಿಯಷ್ಟು ಬರುವುದಿಲ್ಲ. ಆದ್ದರಿಂದ ಜಗಳ ಆಗದ ಹಾಗೆ ನೋಡಿಕೊಳ್ಳುತ್ತವೆ. ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸುತ್ತವೆ. ನಾನು ಬೆಳೆದದ್ದು ಪರೇಲ್ ಕಡೆಯ ಒಂದು ಚಾಳಿನಲ್ಲಿ. ಒಂದು ನಲ್ಲಿ, ಹನ್ನೆರಡು ಮನೆ. ಐದು ಗಂಟೆಗೆ ಯಾರು, ಐದೂವರೆಗೆ ಯಾರು ಎಂದು ಎಲ್ಲೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹೊತ್ತು ತಪ್ಪಿ ಕೊಡ ಇಟ್ಟರೆ ಮಾತ್ರ ಮಹಾಭಾರತ. ಬೆಕ್ಕುಗಳದ್ದೂ ಅದೇ ಲೆಕ್ಕ.

ಅಮ್ಮ ಈಗ ಕುಂದಾಪುರದಲ್ಲಿದ್ದಾರೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ "ನಮ್ಮಲ್ಲಿ ಬೆಕ್ಕಿಗೆ ಯಾರು ಪಂಚಾಯ್ತಿಗೆ ಮಾಡ್ತಿದ್ರು?" ಎಂದು ನಕ್ಕರು. ಸರಿಯೇ. ಅಲ್ಲಿ ಅಟ್ಟ ಇದೆ, ಕೊಟ್ಟಿಗೆ ಇದೆ, ಹುಲ್ಲುಕುತ್ರಿ ಇದೆ, ಹಿತ್ತಲು ಇದೆ. ಇಲ್ಲಿ ಒಂದು ಹಾಲು, ಒಂದು ಬೆಡ್‌ರೂಮು, ನಡುವೆ ಮೂರಡಿಯ ಪ್ಯಾಸೇಜು. ಎದ್ದು ಹೋಗಲು ಜಾಗವೇ ಇಲ್ಲದ ಕಡೆ ಎರಡು ಒಂಟಿ ಪ್ರಾಣಿಗಳನ್ನು ಇಟ್ಟಿದ್ದೇವೆ. ಹಾಗಾಗಿ ನಮ್ಮ ಕೆಲಸ ಅವಕ್ಕೆ ಸ್ನೇಹ ಮಾಡಿಸುವುದಲ್ಲ. ಒಂದು ಮನೆಯೊಳಗೆ ಎರಡು ಮನೆ ಮಾಡಿಕೊಡುವುದು.

ಆದರೆ ಮೊದಲು, ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಆಟವೋ ಜಗಳವೋ ನೋಡಿ. ಆಟದಲ್ಲಿ ಸದ್ದು ಕಡಿಮೆ. ಉಗುರು ಒಳಗಿರುತ್ತದೆ. ಒಮ್ಮೆ ಇವನು ಮೇಲೆ, ಒಮ್ಮೆ ಅವಳು ಮೇಲೆ, ನಡುನಡುವೆ ನಿಲ್ಲಿಸಿ ಮತ್ತೆ ಶುರು. ಜಗಳದಲ್ಲಿ ಕಿವಿ ತಲೆಗೆ ಅಂಟಿರುತ್ತದೆ, ಬಾಲ ಬಾಟಲಿ ಬ್ರಷ್ಷಿನ ಹಾಗೆ ಉಬ್ಬಿರುತ್ತದೆ, ಗುರುಗುಟ್ಟುವುದು, ಕಿರುಚುವುದು ಇರುತ್ತದೆ. ಯಾವಾಗಲೂ ಒಬ್ಬರೇ ಅಟ್ಟಿಸಿಕೊಂಡು ಹೋಗುತ್ತಾ, ಇನ್ನೊಬ್ಬರೇ ಓಡುತ್ತಾ ಇದ್ದರೆ ಅದು ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟದ ಕಥೆ. ಇಲ್ಲಿ ಇಲಿಯೂ ಬೆಕ್ಕೇ.

ಇದಕ್ಕಿಂತ ಕೆಟ್ಟದ್ದು ಸದ್ದಿಲ್ಲದ ಜಗಳ. ಜನ ಇದನ್ನು ಜಗಳ ಅಂತಲೇ ಲೆಕ್ಕ ಹಾಕುವುದಿಲ್ಲ. ನಮ್ಮ ಪುಟ್ಟಿ ಪ್ಯಾಸೇಜಿನ ಬಾಯಲ್ಲಿ ಸುಮ್ನೆ ಕೂತಿರುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ. ಕಣ್ಣು ಮಿಟುಕಿಸದೆ ಕರಿಯನನ್ನೇ ನೋಡುವುದು, ಅಷ್ಟೇ. ನೋಡಿದವರಿಗೆ "ಎಷ್ಟು ಪಾಪದ ಬೆಕ್ಕು" ಅನಿಸಬೇಕು. ಆದರೆ ಕರಿಯನ ಲಿಟರ್ ಟ್ರೇ, ಅಂದರೆ ಕಕ್ಕಸಿನ ತಟ್ಟೆ, ಇದ್ದದ್ದು ಪ್ಯಾಸೇಜಿನ ಆ ಕಡೆ. ಅವಳನ್ನು ದಾಟಿ ಹೋಗಲು ಧೈರ್ಯವಿಲ್ಲದೆ ಅವನು ನಮ್ಮ ಹಾಸಿಗೆ ಮೇಲೆ ಉಚ್ಚೆ ಹೊಯ್ದ. ಸೇಡು ಅಂದುಕೊಂಡೆ. ಅಲ್ಲ. ದಾರಿ ಬಂದ್ ಆಗಿತ್ತು.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೀಗೆ ಒತ್ತಡದಲ್ಲಿ ಬದುಕುವ ಬೆಕ್ಕಿಗೆ ಮೂತ್ರಕೋಶದ ಉರಿಯೂತ ಬರುವುದುಂಟು. ಅದರಲ್ಲೂ ಗಂಡು ಬೆಕ್ಕಿನ ಮೂತ್ರನಾಳ ಸಣ್ಣದು, ಕಟ್ಟಿಕೊಳ್ಳಬಹುದು. ಪದೇ ಪದೇ ಟ್ರೇಗೆ ಹೋಗಿ ತಿಣುಕುತ್ತಿದೆ, ಒಂದು ಹನಿಯೂ ಬರುತ್ತಿಲ್ಲ ಎಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ರಾತ್ರಿಯಾದರೂ ಸರಿ, ಡಾಕ್ಟರ ಹತ್ತಿರ ಹೋಗಬೇಕು. ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಇನ್ನು ಹಾಸಿಗೆ, ನೆಲ ಒರೆಸಲು ಕರಿ ಫಿನೈಲ್ ಬೇಡ, ಅದು ಬೆಕ್ಕಿಗೆ ವಿಷ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ, ಅದು ಉಚ್ಚೆಯ ಹಾಗೇ ನಾರಿ ಬೆಕ್ಕನ್ನು ಅದೇ ಜಾಗಕ್ಕೆ ಕರೆಯುತ್ತದೆ. ಎಂಜೈಮ್ ಇರುವ ಕ್ಲೀನರ್ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ.

ಜಗಳಕ್ಕೆ ಕಾರಣ ವಾಸನೆಯೊಂದೇ ಅಲ್ಲ. ಮರಿಯಾಗಿದ್ದಾಗ ಚೆನ್ನಾಗಿದ್ದವು ದೊಡ್ಡವಾದ ಮೇಲೆ ಕಿತ್ತಾಡತೊಡಗುತ್ತವೆ. ಬೆಕ್ಕಿನ ಸ್ವಭಾವ ಪೂರ್ತಿ ಬಲಿಯುವುದು ಎರಡರಿಂದ ನಾಲ್ಕು ವರ್ಷದ ಹೊತ್ತಿಗೆ, ಆಗ "ಇದು ನನ್ನ ಜಾಗ" ಶುರುವಾಗುತ್ತದೆ. ಮರಿಯಾಗದ ಹಾಗೆ ಮಾಡುವ ಆಪರೇಷನ್ ಆಗದ ಗಂಡುಗಳಂತೂ ಕಿತ್ತಾಡಿಯೇ ತೀರುತ್ತವೆ. ಎರಡಕ್ಕೂ ಆಪರೇಷನ್ ಮಾಡಿಸದೆ ಮುಂದಿನ ಯಾವ ಉಪಾಯವನ್ನೂ ಹೂಡಬೇಡಿ. ನೋವು ಇನ್ನೊಂದು ಕಾರಣ. ಹಲ್ಲುನೋವು, ಗಂಟುನೋವು, ವಯಸ್ಸಾದ ಬೆಕ್ಕಿಗೆ ಥೈರಾಯ್ಡ್. ಇದ್ದಕ್ಕಿದ್ದಂತೆ ಸಿಡುಕಲು ಶುರು ಮಾಡಿದ ಬೆಕ್ಕನ್ನು ಮೊದಲು ಡಾಕ್ಟರಿಗೆ ತೋರಿಸಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಮಾತ್ರ ಕೊಡಬೇಡಿ, ಒಂದು ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು.

ಇನ್ನೊಂದು ಕಾರಣ ಮುಂಬೈಯ ಕಿಟಕಿಗಳದ್ದು. ಗ್ರಿಲ್ಲಿನಲ್ಲಿ ಪುಟ್ಟಿ ಕೂತಿದ್ದಾಳೆ. ಕೆಳಗಿನ ಛಜ್ಜಾದ ಮೇಲೆ ಬೀದಿಯ ಗಡವ ಬೆಕ್ಕೊಂದು ಬಂದು ನಿಂತು ಇವಳನ್ನು ನೋಡುತ್ತದೆ. ಇವಳಿಗೆ ರಕ್ತ ಕುದಿಯುತ್ತದೆ, ಆದರೆ ಗ್ರಿಲ್ ಅಡ್ಡ. ತಿರುಗಿ ನೋಡಿದರೆ ಹತ್ತಿರದಲ್ಲಿ ಯಾರು? ಕರಿಯ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತೇವಲ್ಲ, ಇಲ್ಲಿ ಕೊತ್ತಿಯೇ ಆ ಕೆಲಸ ಮಾಡುತ್ತದೆ. ಪಟಾಕಿ ಸದ್ದು, ಕುಕ್ಕರ್ ಸೀಟಿ, ಪಾತ್ರೆ ಬಿದ್ದ ಶಬ್ದಕ್ಕೂ ಹೀಗಾಗಬಹುದು. ಹೀಗೆ ಕೆರಳಿದ ಬೆಕ್ಕು ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಕೆಲವಕ್ಕೆ ಒಂದು ದಿನವೂ ಬೇಕು. ನಾವು ಕಿಟಕಿಯ ಕೆಳಗಿನ ಅರ್ಧ ಗಾಜಿಗೆ ಹಾಲು ಬಣ್ಣದ ಸ್ಟಿಕ್ಕರ್ ಅಂಟಿಸಿದೆವು. ಬೆಳಕು ಬರುತ್ತದೆ, ಗಡವ ಕಾಣುವುದಿಲ್ಲ.

ಜಗಳ ಹತ್ತಿದಾಗ ಕೈ ಹಾಕಬೇಡಿ. ನಮ್ಮವರ ಕೈ ನೋಡಿ ಹೇಳುತ್ತಿದ್ದೇನೆ. ದಿಂಬು, ರಟ್ಟು, ಮೊರ, ಏನಾದರೂ ನಡುವೆ ತೂರಿಸಿ. ಇಲ್ಲವೇ ದಪ್ಪ ಚಾದರ ಒಂದರ ಮೇಲೆ ಎಸೆಯಿರಿ. ಬೇರೆಯಾದ ತಕ್ಷಣ ಬೇರೆ ಬೇರೆ ರೂಮು, ದೀಪ ಆರಿಸಿ ಬಿಟ್ಟುಬಿಡಿ, ಸಮಾಧಾನ ಮಾಡಲು ಎತ್ತಿಕೊಳ್ಳಬೇಡಿ. ನಿಮಗೇ ಕಚ್ಚಿದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ. ಮೇಲೆ ಸಣ್ಣ ತೂತು, ಒಳಗೆ ಕೀವು. ರೇಬೀಸ್ ಚುಚ್ಚುಮದ್ದಿನ ವಿಷಯವೂ ಅಲ್ಲೇ ತೀರ್ಮಾನವಾಗಲಿ.

ಈಗ ಮತ್ತೆ ಒಟ್ಟು ಮಾಡುವ ಕೆಲಸ. ಇದು ಹೊಸ ಸೊಸೆಯನ್ನು ಮನೆಗೆ ತುಂಬಿಸಿಕೊಂಡ ಹಾಗೆ, ಹಳೆಯ ಪರಿಚಯ ಲೆಕ್ಕಕ್ಕಿಲ್ಲ ಅಂದುಕೊಂಡು ಮೊದಲಿನಿಂದ ಶುರು ಮಾಡಬೇಕು.

ನಾವು ಕರಿಯನನ್ನು ಬೆಡ್‌ರೂಮಿನಲ್ಲಿ, ಪುಟ್ಟಿಯನ್ನು ಹಾಲಿನಲ್ಲಿ ಇಟ್ಟು ಬಾಗಿಲು ಹಾಕಿದೆವು. ಎರಡೂ ಕಡೆ ಬೇರೆ ಟ್ರೇ, ನೀರು, ಊಟ. ಮೊದಲ ನಾಲ್ಕು ದಿನ ಏನೂ ಮಾಡಲಿಲ್ಲ. ಆಮೇಲೆ ವಾಸನೆಯ ವ್ಯವಹಾರ. ಹಳೆ ಬನಿಯನ್ ಹರಿದು ಎರಡು ತುಂಡು ಮಾಡಿ, ಒಂದರಿಂದ ಕರಿಯನ ಕೆನ್ನೆ ಒರೆಸಿ ಪುಟ್ಟಿಯ ತಟ್ಟೆಯ ಹತ್ತಿರ ಇಟ್ಟೆ, ಇನ್ನೊಂದರಿಂದ ಅವಳದ್ದು ಒರೆಸಿ ಅವನ ಹತ್ತಿರ. ಮೊದಲ ದಿನ ಪುಟ್ಟಿ ಬಟ್ಟೆ ಮೂಸಿ, ಬಾಯಿ ಅರ್ಧ ತೆರೆದು, ಕೊಳೆತ ಮೊಟ್ಟೆ ಕಂಡವಳ ಹಾಗೆ ಮುಖ ಮಾಡಿದಳು. ಅದು ಅಸಹ್ಯವಲ್ಲ. ಬೆಕ್ಕಿನ ಅಂಗುಳಿನ ಮೇಲೆ ವಾಸನೆ ಪರೀಕ್ಷಿಸುವ ಇನ್ನೊಂದು ಅಂಗವಿದೆ, ಅಲ್ಲಿಗೆ ವಾಸನೆ ಎಳೆದುಕೊಳ್ಳುವ ಭಂಗಿ ಅದು. ಐದನೇ ದಿನ ಆ ಬಟ್ಟೆಯ ಮೇಲೇ ಮಲಗಿದ್ದಳು. ದಿನಕ್ಕೊಮ್ಮೆ ರೂಮು ಅದಲುಬದಲು ಕೂಡ ಮಾಡಿದೆವು, ಎದುರಾಗದ ಹಾಗೆ.

ನಂತರ ಮುಚ್ಚಿದ ಬಾಗಿಲ ಎರಡೂ ಬದಿ ಊಟ. ಬಾಗಿಲಿಗೆ ಅಂಟಿಸಿ ಅಲ್ಲ, ಎಷ್ಟು ದೂರದಲ್ಲಿ ಇಬ್ಬರೂ ನಿರಾಳವಾಗಿ ತಿನ್ನುತ್ತಾರೋ ಅಷ್ಟು ದೂರದಲ್ಲಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ ಇಬ್ಬರಿಗೂ ಪ್ರಾಣ. ಅದು ಸಿಗುವುದು ಬಾಗಿಲ ಹತ್ತಿರ ಮಾತ್ರ. ಆ ಕಡೆಯ ವಾಸನೆ ಬಂತೆಂದರೆ ಬಂಗುಡೆ ಬಂತು ಎಂದು ತಲೆಯಲ್ಲಿ ಕೂರಬೇಕು. ದಿನಕ್ಕೆ ನಾಲ್ಕು ಬೆರಳು ತಟ್ಟೆ ಮುಂದೆ. ಯಾರಾದರೂ ತಿನ್ನುವುದು ನಿಲ್ಲಿಸಿ ಬಾಗಿಲನ್ನೇ ದಿಟ್ಟಿಸಿದರೆ ಮತ್ತೆ ಹಿಂದೆ.

ಮುಖ ನೋಡುವ ಹಂತಕ್ಕೆ ಬಡಗಿಯ ಹತ್ತಿರ ಬಾಗಿಲಳತೆಯ ಚೌಕಟ್ಟು ಮಾಡಿಸಿ ಸ್ಟೀಲಿನ ಸೊಳ್ಳೆ ಜಾಲರಿ ಹೊಡೆಸಿದೆವು. ಬಟ್ಟೆಯ ಜಾಲರಿ ಬೇಡ, ಉಗುರಿಗೆ ನಿಲ್ಲುವುದಿಲ್ಲ. ಅದರ ಮೇಲೆ ನನ್ನ ಹಳೆ ಸೀರೆ ಇಳಿಬಿಟ್ಟೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬೈಗೆ ಬರುತ್ತವಲ್ಲ, ಬಣ್ಣದ ವೇಷ ತೆರೆಯ ಹಿಂದಿನಿಂದ ಒಂದಿಷ್ಟೇ ಕಾಣಿಸಿಕೊಳ್ಳುತ್ತದೆ. ಮೊದಲು ಕಿರೀಟ, ಆಮೇಲೆ ಕೈ, ಕೊನೆಗೆ ಮುಖ. ಹಾಗೆಯೇ. ಮೊದಲ ದಿನ ಸೀರೆ ಒಂದು ಗೇಣು ಎತ್ತಿದೆ, ಪಾದ ಮಾತ್ರ ಕಂಡಿತು. ಮುಖ ಕಾಣುವ ಹೊತ್ತಿಗೆ ಎರಡು ವಾರ ಆಗಿತ್ತು.

ಅಷ್ಟರಲ್ಲಿ ಗಣಪತಿ ಬಂದ. ನಮ್ಮ ಗಲ್ಲಿಯ ಢೋಲ್ ತಾಶಾ ಸದ್ದಿಗೆ ಪುಟ್ಟಿ ಜಾಲರಿಗೆ ಹಾರಿದಳು, ಕರಿಯ ಅಲ್ಮೆರಾ ಮೇಲೆ. ಮತ್ತೆ ಸೀರೆ ಪೂರ್ತಿ ಇಳಿಸಿ ಬನಿಯನ್ ತುಂಡಿನಿಂದ ಶುರು. ಅಳು ಬಂದಿತ್ತು, ಸುಳ್ಳು ಹೇಳುವುದೇಕೆ. ಆದರೆ ಎರಡನೇ ಸಲ ಬೇಗ ಆಗುತ್ತದೆ. ಒಂದೇ ವಾರದಲ್ಲಿ ಮೊದಲಿದ್ದ ಕಡೆ ಬಂದೆವು.

ಜಾಲರಿ ತೆಗೆದ ದಿನ ಐದು ನಿಮಿಷ ಮಾತ್ರ ಬಿಟ್ಟೆವು. ಪೊರಕೆ ಕಡ್ಡಿಯ ತುದಿಗೆ ದಾರ, ದಾರಕ್ಕೆ ಗರಿ. ನಾನೊಂದು, ನಮ್ಮವರೊಂದು, ಎರಡು ಮೂಲೆಯಲ್ಲಿ. ಆಟದ ಮೇಲೆ ಕಣ್ಣಿದ್ದರೆ ಒಬ್ಬರನ್ನೊಬ್ಬರು ದಿಟ್ಟಿಸುವುದಿಲ್ಲ. ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸಿ ಬೇರೆ ಮಾಡಬೇಕು. ಇನ್ನೂ ಸ್ವಲ್ಪ ನೋಡೋಣ ಅನಿಸುತ್ತದೆ, ಅಲ್ವಾ? ಆ ಸ್ವಲ್ಪದಲ್ಲೇ ಕೆಡುವುದು.

ಜೊತೆಗೆ ಮನೆಯನ್ನೂ ಬದಲಾಯಿಸಿದೆವು. ಬೆಕ್ಕಿನ ಲೆಕ್ಕಕ್ಕಿಂತ ಒಂದು ಲಿಟರ್ ಟ್ರೇ ಜಾಸ್ತಿ ಇರಬೇಕು ಅನ್ನುತ್ತಾರೆ. ಎರಡು ಬೆಕ್ಕಿಗೆ ಮೂರು ಟ್ರೇ. ಈ ಮನೆಯಲ್ಲಿ ಮನುಷ್ಯರಿಗೇ ಒಂದು! ಆದರೂ ಇಟ್ಟೆವು: ಬಾಲ್ಕನಿಯಲ್ಲಿ ಒಂದು, ಬೆಡ್‌ರೂಮಿನ ಮೂಲೆಯಲ್ಲಿ ಒಂದು, ಹಾಲಿನ ಶೂ ಸ್ಟ್ಯಾಂಡ್ ಪಕ್ಕ ಒಂದು. ಅಕ್ಕಪಕ್ಕ ಇಟ್ಟರೆ ಪ್ರಯೋಜನವಿಲ್ಲ, ಕಾವಲು ಕೂರುವವಳಿಗೆ ಎರಡೂ ಒಂದೇ. ಊಟದ ತಟ್ಟೆಯೂ ಒಬ್ಬರಿಗೊಬ್ಬರು ಕಾಣದ ಕಡೆ. ಒಮ್ಮೆಲೇ ತುಂಬಾ ಹಾಕುವ ಬದಲು ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಇಲಿ ಹಿಡಿದು ಬದುಕುವ ಬೆಕ್ಕು ತಿನ್ನುವುದೂ ಹಾಗೆಯೇ.

ಡೊಂಬಿವಲಿಯ ಮನೆಯಲ್ಲಿ ಅಗಲಕ್ಕೆ ಜಾಗವಿಲ್ಲ, ಎತ್ತರಕ್ಕೆ ಇದೆ. ಅದೇ ಬಡಗಿಯಿಂದ ಗೋಡೆಗೆ ನಾಲ್ಕು ಹಲಗೆ ಹೊಡೆಸಿದೆವು. ಸೋಫಾದಿಂದ ಫ್ರಿಜ್ ಮೇಲಕ್ಕೆ, ಅಲ್ಲಿಂದ ಲಾಫ್ಟಿಗೆ, ಇನ್ನೊಂದು ಕಡೆಯಿಂದ ಕೆಳಗೆ. ಇಳಿಯಲು ಎರಡು ದಾರಿ ಇರಲೇಬೇಕು. ಒಂದೇ ದಾರಿಯಿದ್ದರೆ ಮೇಲಿನ ಜಾಗವೇ ಬೋನು. ಇಡೀ ಪ್ರಯತ್ನದಲ್ಲಿ ಯಾವುದು ಹೆಚ್ಚು ಕೆಲಸ ಮಾಡಿತು ಎಂದು ಕೇಳಿದರೆ ನಾನು ಈ ಹಲಗೆಗಳನ್ನೇ ತೋರಿಸುತ್ತೇನೆ. ಕರೆಂಟಿಗೆ ಹಾಕಿದರೆ ಬೆಕ್ಕಿನ ಕೆನ್ನೆಯ ವಾಸನೆ ಹೋಲುವ ವಸ್ತುವನ್ನು ರೂಮಿಗೆ ಬಿಡುವ ಫೆಲಿವೇ ಎಂಬ ಪ್ಲಗ್ ಸಿಗುತ್ತದೆ. ಕೆಲವು ಮನೆಯಲ್ಲಿ ಸಹಾಯವಾಗುತ್ತದೆ, ಅದೊಂದರಿಂದಲೇ ಆಗುವುದಿಲ್ಲ. ತೀರಾ ಹೆದರಿದ ಬೆಕ್ಕಿಗೆ ಡಾಕ್ಟರು ಕೆಲವು ತಿಂಗಳು ಔಷಧಿ ಕೊಡುವುದೂ ಉಂಟು. ನೀವೇ ಅಂಗಡಿಯಿಂದ ತರುವ ವಿಷಯವಲ್ಲ ಅದು.

ಎಲ್ಲ ಮಾಡಿಯೂ ಕೆಲವು ಜೋಡಿ ಕೂಡುವುದಿಲ್ಲ. ಆಗ ಬಾಗಿಲು ಹಾಕಿ ಪಾಳಿಯಲ್ಲಿ ಬಿಡುವುದೋ, ಒಂದಕ್ಕೆ ಒಳ್ಳೆಯ ಮನೆ ಹುಡುಕುವುದೋ ತಪ್ಪಲ್ಲ. ವರ್ಷಗಟ್ಟಲೆ ವಾಷಿಂಗ್ ಮಷೀನ್ ಹಿಂದೆ ಬದುಕಿಸುವುದು ತಪ್ಪು.

ನಮ್ಮವು ದೀಪಾವಳಿ ಕಳೆದು ಪೂರ್ತಿ ಬಾಗಿಲು ತೆರೆದ ಮನೆಗೆ ಬಂದವು. ಮೊದಲಿನ ಹಾಗೆ ಒತ್ತಿಕೊಂಡು ಮಲಗುವುದಿಲ್ಲ. ಬೆಳಿಗ್ಗೆ ಕಿಟಕಿ ಪುಟ್ಟಿಯದ್ದು. ಹನ್ನೊಂದರ ಹೊತ್ತಿಗೆ ಅವಳು ಹಲಗೆ ಹತ್ತಿ ಹೋದ ಮೇಲೆ ಕರಿಯನದ್ದು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಚಳಿಯ ರಾತ್ರಿ ಸೋಫಾದಲ್ಲಿ ಇಬ್ಬರೂ ಇರುತ್ತಾರೆ, ನಡುವೆ ಒಂದು ದಿಂಬಿನ ಅಂತರ. ಆ ದಿಂಬನ್ನು ನಾವು ತೆಗೆಯುವುದಿಲ್ಲ.

ಜಾಲರಿಯ ಚೌಕಟ್ಟು, ಸೀರೆ ಸಮೇತ, ಬೆಡ್‌ರೂಮಿನ ಬಾಗಿಲ ಹಿಂದೆ ಒರಗಿಸಿದ್ದು ಹಾಗೆಯೇ ಇದೆ. ಬರುವ ತಿಂಗಳು ಪುಟ್ಟಿಯ ಹಲ್ಲಿನ ಸರದಿ.